ಕಾರ್ಬನ್ ಕ್ರೆಡಿಟ್‌ನಲ್ಲಿ ನ್ಯಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಬನ್ ಕ್ರೆಡಿಟ್ ಬಗ್ಗೆ ಮಾತು ಬಂದಾಗ ಹೆಚ್ಚಿನವರು ಟನ್ನಿನ ಲೆಕ್ಕದಲ್ಲೇ ನಿಂತುಬಿಡುತ್ತಾರೆ. ಆದರೆ ಪ್ರತಿ ಟನ್ನಿನ ಹಿಂದೆ ಒಂದು ಕಾಡೋ, ಹುಲ್ಲುಗಾವಲೋ, ಅಡುಗೆ ಒಲೆಯೋ ಇರುತ್ತದೆ. ಅದನ್ನು ನಂಬಿ ಬದುಕುವ ಜನ ಇರುತ್ತಾರೆ. ಇಲ್ಲಿನ ಉತ್ತರಗಳನ್ನು ಆ ಜನರ ಪಕ್ಕದಲ್ಲಿ ನಿಂತು ನೋಡಿ ಬರೆದಿದ್ದೇನೆ.

ಕಾರ್ಬನ್ ಕ್ರೆಡಿಟ್ ಅಂದರೆ ಏನು? ಆಫ್‌ಸೆಟ್ ಅಂದರೆ?

ಒಂದು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರದಂತೆ ತಡೆದರೆ, ಅಥವಾ ಸೇರಿದ್ದನ್ನು ವಾಪಸ್ ಎಳೆದುಕೊಂಡರೆ, ಅದಕ್ಕೆ ಒಂದು ಕ್ರೆಡಿಟ್. ಮೀಥೇನ್‌ನಂಥ ಬೇರೆ ಅನಿಲಗಳನ್ನೂ ಇದೇ ಅಳತೆಗೆ ಇಳಿಸಿ ಲೆಕ್ಕ ಹಾಕುತ್ತಾರೆ. ಒಂದು ಕಂಪನಿ ಆ ಕ್ರೆಡಿಟ್ ಕೊಂಡು, "ನಾವು ಬಿಟ್ಟ ಒಂದು ಟನ್ ಹೊಗೆಗೆ ಇದು ಸಮ" ಎಂದು ಹೇಳಿಕೊಂಡರೆ ಅದು ಆಫ್‌ಸೆಟ್.

ಕಾನೂನಿನ ಒತ್ತಾಯ ಇಲ್ಲದೆ ತಾವಾಗಿಯೇ ಕೊಳ್ಳುವುದರಿಂದ ಇದಕ್ಕೆ ಸ್ವಯಂಪ್ರೇರಿತ ಮಾರುಕಟ್ಟೆ ಎನ್ನುತ್ತಾರೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಒಂದು ವಿದ್ಯುತ್ ಕಂಪನಿ ಗ್ವಾಟೆಮಾಲಾದಲ್ಲಿ ಗಿಡ ನೆಡಲು ಹಣ ಕೊಟ್ಟಿತು. ಈ ವಹಿವಾಟು ಶುರುವಾಗಿದ್ದೇ ಅಲ್ಲಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈಗ ವೆರಾ, ಗೋಲ್ಡ್ ಸ್ಟ್ಯಾಂಡರ್ಡ್, ಪ್ಲಾನ್ ವಿವೊ ಎಂಬ ಸಂಸ್ಥೆಗಳು ನಿಯಮ ಬರೆಯುತ್ತವೆ, ಕ್ರೆಡಿಟ್ ಕೊಡುತ್ತವೆ, ಯಾವ ಕ್ರೆಡಿಟ್ ಯಾರಿಗೆ ಹೋಯಿತು ಎಂದು ದಾಖಲೆ ಇಡುತ್ತವೆ. ಇವು ಯಾವುವೂ ಸರ್ಕಾರದ ಇಲಾಖೆಗಳಲ್ಲ.

ಗಾಳಿ ಎಲ್ಲರದ್ದೂ ಒಂದೇ. ಇದರಲ್ಲಿ ನ್ಯಾಯ-ಅನ್ಯಾಯದ ಮಾತು ಯಾಕೆ ಬರುತ್ತದೆ?

ಗಾಳಿ ಒಂದೇ, ಆದರೆ ಹೊಗೆ ಬಿಟ್ಟವರು ಎಲ್ಲರೂ ಅಲ್ಲ. ಜಗತ್ತಿನ ಹೊಗೆಯಲ್ಲಿ ಸುಮಾರು ಅರ್ಧ ಭಾಗ ಅತಿ ಶ್ರೀಮಂತರಾದ 10% ಜನರ ಲೆಕ್ಕಕ್ಕೆ ಸೇರುತ್ತದೆ. ಆಫ್‌ಸೆಟ್ ಯೋಜನೆಗಳು ಮಾತ್ರ ಹೆಚ್ಚಾಗಿ ನಡೆಯುವುದು ತುಂಬ ಕಡಿಮೆ ಹೊಗೆ ಬಿಡುವ ಜನರ ನೆಲದಲ್ಲಿ.

ಕೊಡು-ಕೊಳ್ಳುವಿಕೆ ಹೇಗಿದೆ ನೋಡಿ. ಕೊಳ್ಳುವವನ ಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ. ಮಾರುವ ಊರು ಮೂವತ್ತು-ನಲವತ್ತು ವರ್ಷ ತನ್ನ ಕಾಡನ್ನು ಹೇಗೆ ಬಳಸಬೇಕು, ಎಲ್ಲಿ ದನ ಮೇಯಿಸಬೇಕು, ಸೌದೆ ತರಬಹುದಾ ಎಂಬ ವಿಷಯದಲ್ಲಿ ಕೈ ಕಟ್ಟಿಸಿಕೊಳ್ಳುತ್ತದೆ. ಹಾಗಾಗಿ ಯಾವ ಯೋಜನೆ ನೋಡಿದರೂ ನಾನು ಮೂರೇ ವಿಷಯ ಹುಡುಕುತ್ತೇನೆ. ತೀರ್ಮಾನ ಮಾಡಿದವರು ಯಾರು? ದುಡ್ಡು ಯಾರಿಗೆ ಹೋಯಿತು? ಯೋಜನೆ ಕೆಟ್ಟರೆ ನಷ್ಟ ಯಾರ ತಲೆಗೆ?

ಬೇಸ್‌ಲೈನ್ ಅಂದರೆ ಏನು? ಎಲ್ಲರೂ ಅದರ ಬಗ್ಗೆಯೇ ಯಾಕೆ ಜಗಳ ಆಡುತ್ತಾರೆ?

ಇದೊಂದು ಅರ್ಥವಾದರೆ ಉಳಿದದ್ದು ಸುಲಭ.

"ಯೋಜನೆ ಬರದೇ ಇದ್ದಿದ್ದರೆ ಏನಾಗುತ್ತಿತ್ತು?" ಎಂಬ ಅಂದಾಜೇ ಬೇಸ್‌ಲೈನ್. ಕಾಡು ಉಳಿಸುವ ಯೋಜನೆ ಅಂದುಕೊಳ್ಳಿ. ನಾವು ಬರದಿದ್ದರೆ ಹತ್ತು ವರ್ಷದಲ್ಲಿ ನೂರು ಎಕರೆ ಕಾಡು ಹೋಗುತ್ತಿತ್ತು ಎಂದು ಬರೆಯುತ್ತಾರೆ. ಹೋಗಿದ್ದು ಇಪ್ಪತ್ತೇ ಎಕರೆ. ಉಳಿದ ಎಂಬತ್ತಕ್ಕೆ ಕ್ರೆಡಿಟ್. ನಡೆಯದೇ ಹೋದದ್ದನ್ನು ಯಾರೂ ಅಳೆದು ನೋಡಲು ಆಗುವುದಿಲ್ಲ, ಅಲ್ವಾ? ನೂರರ ಬದಲು ಇನ್ನೂರು ಎಂದು ಬರೆದರೆ ಒಂದು ಗಿಡವನ್ನೂ ಹೆಚ್ಚಿಗೆ ಉಳಿಸದೆ ಕ್ರೆಡಿಟ್ ದುಪ್ಪಟ್ಟಿಗಿಂತ ಜಾಸ್ತಿ ಆಗುತ್ತದೆ.

ಇದು ಬರೀ ಊಹೆಯಲ್ಲ. 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಆರು ದೇಶಗಳ 26 ಕಾಡು ಯೋಜನೆಗಳನ್ನು, ಯೋಜನೆ ಇಲ್ಲದ ಅಂಥದ್ದೇ ಕಾಡುಗಳ ಜೊತೆ ಹೋಲಿಸಿ ನೋಡಿದ್ದರು. ಹೆಚ್ಚಿನ ಯೋಜನೆಗಳು ಕಾಡು ಕಡಿತವನ್ನು ಹೇಳಿಕೊಳ್ಳುವಷ್ಟು ಇಳಿಸಿರಲಿಲ್ಲ. ಲೆಕ್ಕಕ್ಕೆ ಸಿಕ್ಕ ಯೋಜನೆಗಳು ಕೊಡಲಿದ್ದ 8.9 ಕೋಟಿ ಕ್ರೆಡಿಟ್‌ಗಳಲ್ಲಿ ನಿಜವಾದ ಉಳಿತಾಯ ಕಂಡದ್ದು 54 ಲಕ್ಷಕ್ಕೆ, ಅಂದರೆ ಸುಮಾರು 6%. ಅದೇ ವರ್ಷ ಜನವರಿಯಲ್ಲಿ ಕೆಲವು ಯುರೋಪಿನ ಪತ್ರಿಕೆಗಳ ತನಿಖೆಯೂ ವೆರಾದ ಮಳೆಕಾಡು ಕ್ರೆಡಿಟ್‌ಗಳ ಮೇಲೆ ಇಂಥದ್ದೇ ಅನುಮಾನ ಎತ್ತಿತ್ತು. ವೆರಾ ಅದನ್ನು ಒಪ್ಪಲಿಲ್ಲ. ಆಮೇಲೆ ಕಾಡು ಯೋಜನೆಗಳ ಲೆಕ್ಕದ ನಿಯಮವನ್ನು ಅದು ಬದಲಿಸಿತು.

ಇದಕ್ಕೂ ಜನರಿಗೂ ಏನು ಸಂಬಂಧ ಎಂದು ಕೇಳಬಹುದು. ದೊಡ್ಡ ಬೇಸ್‌ಲೈನ್ ಬೇಕಾದರೆ ಕಾಡಿಗೆ ದೊಡ್ಡ ಅಪಾಯ ಇದೆ ಎಂದು ತೋರಿಸಲೇಬೇಕು. ಆಗ ಆ ಅಪಾಯದ ಜಾಗದಲ್ಲಿ ಯಾರನ್ನು ನಿಲ್ಲಿಸುತ್ತಾರೆ? ಎಷ್ಟೋ ಸಲ ಅಲ್ಲೇ ಬದುಕುವ ಸಣ್ಣ ರೈತನನ್ನು, ಸೌದೆ ತರುವ ಹೆಂಗಸನ್ನು, ದನಗಾಹಿಯನ್ನು. ಕಾಗದದಲ್ಲಿ ಅವರು ಕಾಡಿನ ಶತ್ರುಗಳಾಗುತ್ತಾರೆ. ಆಮೇಲೆ ಅವರ ಮೇಲೆ ಕಾವಲು ಬರುತ್ತದೆ. ಲೆಕ್ಕದ ತಪ್ಪು ಮತ್ತು ಜನರಿಗಾದ ಅನ್ಯಾಯ ಎರಡು ಬೇರೆ ಕತೆಗಳೆಂದು ನನಗೆ ಅನ್ನಿಸುವುದಿಲ್ಲ. ಎರಡೂ ಹುಟ್ಟುವುದು ಬೇಸ್‌ಲೈನ್ ಬರೆದ ಆ ಮೇಜಿನ ಮೇಲೆ, ಊರಿನವರು ಇಲ್ಲದ ಹೊತ್ತಿನಲ್ಲಿ.

ಹಾಗಾದರೆ ಮೊದಲಿಂದಲೂ ಕಾಡು ಕಾಪಾಡಿಕೊಂಡು ಬಂದವರಿಗೆ ಏನು ಸಿಗುತ್ತದೆ?

ಹಳೆಯ ಲೆಕ್ಕದ ಪ್ರಕಾರ ಹೆಚ್ಚುಕಡಿಮೆ ಏನೂ ಇಲ್ಲ. ಅಪಾಯ ಇದ್ದರೆ ತಾನೇ ಕ್ರೆಡಿಟ್? ತಲೆಮಾರುಗಳಿಂದ ಕೊಡಲಿ ತಾಗದಂತೆ ನೋಡಿಕೊಂಡವರ ಕಾಡಿಗೆ ಅಪಾಯವೇ ಇರುವುದಿಲ್ಲ. ಕಡಿದು ಈಗ ನಿಲ್ಲಿಸುತ್ತೇನೆ ಅಂದವನಿಗೆ ದುಡ್ಡು, ಎಂದೂ ಕಡಿಯದವನಿಗೆ ಬರಿಗೈ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ.

ಇದನ್ನು ಸರಿಪಡಿಸಲು, ಕಾಡು ಹೆಚ್ಚಿದ್ದು ಕಡಿತ ಕಡಿಮೆ ಇರುವ ಪ್ರದೇಶಗಳಿಗೆ ಬೇರೆ ಲೆಕ್ಕ ಮಾಡಿದ್ದಾರೆ. ಹೆಸರಾದ ಉದಾಹರಣೆ ಗಯಾನಾ. 2022ರ ಕೊನೆಯಲ್ಲಿ ಇಡೀ ದೇಶದ ಕಾಡಿಗೆ ಸುಮಾರು 3.3 ಕೋಟಿ ಕ್ರೆಡಿಟ್ ಬಂತು. ಹೆಸ್ ಎಂಬ ತೈಲ ಕಂಪನಿ, ಮುಂದೆ ಬರಲಿರುವುದೂ ಸೇರಿ 3.75 ಕೋಟಿ ಕ್ರೆಡಿಟ್‌ಗೆ ಕನಿಷ್ಠ 75 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 15% ಮೂಲನಿವಾಸಿ ಹಳ್ಳಿಗಳಿಗೆ. ನಮ್ಮ ಒಪ್ಪಿಗೆ ಸರಿಯಾಗಿ ಪಡೆಯಲಿಲ್ಲ ಎಂದು ಅಲ್ಲಿನ ಮೂಲನಿವಾಸಿಗಳ ಸಂಘ ದೂರು ಕೊಟ್ಟಿತು.

ಇಲ್ಲೊಂದು ಗಂಟು ಇದೆ. ಕಾಡು ಕಾಯ್ದವರಿಗೆ ಹಣ ಸಲ್ಲಬೇಕು, ಅದು ಅವರ ಹಕ್ಕು. ಆದರೆ ಅಪಾಯ ಇಲ್ಲದ ಕಾಡಿನ ಕ್ರೆಡಿಟ್ ಹಿಡಿದುಕೊಂಡು ಇನ್ನೊಬ್ಬರು ಹೊಸದಾಗಿ ಹೊಗೆ ಬಿಟ್ಟರೆ ಗಾಳಿಯಲ್ಲಿ ಇಂಗಾಲ ಹೆಚ್ಚೇ ಆಗುತ್ತದೆ. ನನ್ನ ಪ್ರಕಾರ ಈ ಹಣವನ್ನು ಕೂಲಿಯಾಗಿ, ಗೌರವಧನವಾಗಿ ಕೊಡಬೇಕು. ಹೊಗೆ ಬಿಡುವ ಪರವಾನಗಿಯ ಬೆಲೆಯಾಗಿ ಕೊಡಬಾರದು.

ಊರಿನವರ ಒಪ್ಪಿಗೆ ತೆಗೆದುಕೊಂಡಿದ್ದೇವೆ ಎಂದು ಎಲ್ಲ ಯೋಜನೆಗಳೂ ಹೇಳುತ್ತವಲ್ಲ?

ಹೇಳುತ್ತವೆ. ಯಾವಾಗ ತೆಗೆದುಕೊಂಡರು, ಏನು ಹೇಳಿ ತೆಗೆದುಕೊಂಡರು ಎಂದು ಕೇಳಬೇಕು.

ಮೂಲನಿವಾಸಿಗಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2007ರಲ್ಲಿ ಒಂದು ಘೋಷಣೆ ಒಪ್ಪಿತು. ಅದರ ಪ್ರಕಾರ ಒಪ್ಪಿಗೆ ಯಾರ ಒತ್ತಡವೂ ಇಲ್ಲದೆ ಬರಬೇಕು, ಕೆಲಸ ಶುರುವಾಗುವ ಮೊದಲೇ ಬರಬೇಕು, ಎಲ್ಲ ವಿಷಯ ತಿಳಿದ ಮೇಲೆ ಬರಬೇಕು. "ಬೇಡ" ಎನ್ನುವ ದಾರಿ ತೆರೆದಿಲ್ಲದಿದ್ದರೆ "ಹೂಂ" ಅಂದದ್ದಕ್ಕೆ ಬೆಲೆ ಇಲ್ಲ.

ಕಾಂಬೋಡಿಯಾದ ದಕ್ಷಿಣ ಕಾರ್ಡಮಮ್ ಬೆಟ್ಟಗಳಲ್ಲಿ ಏನಾಯಿತು ನೋಡಿ. ಅಲ್ಲಿ ಚೊಂಗ್ ಎಂಬ ಸಮುದಾಯ ತುಂಬ ಕಾಲದಿಂದ ಇದೆ. ಯೋಜನೆ ಶುರುವಾಗಿ 31 ತಿಂಗಳಾದ ಮೇಲಷ್ಟೇ ಊರಿನವರ ಜೊತೆ ಸಮಾಲೋಚನೆ ಆರಂಭವಾಯಿತು ಎಂದು ಹ್ಯೂಮನ್ ರೈಟ್ಸ್ ವಾಚ್ 2024ರ ವರದಿಯಲ್ಲಿ ಹೇಳಿತು. ಕಾಡಿನಲ್ಲಿ ಬೇಸಾಯ ಮಾಡಿದ್ದಕ್ಕೆ, ಕಾಡಿನ ಹುಟ್ಟುವಳಿ ತಂದದ್ದಕ್ಕೆ ಜನರನ್ನು ಹಿಡಿದರು, ಒಕ್ಕಲೆಬ್ಬಿಸಿದರು ಎಂಬ ದೂರುಗಳೂ ಅದರಲ್ಲಿ ಇದ್ದವು. ಯೋಜನೆ ನಡೆಸುವ ಸಂಸ್ಥೆ ಆರೋಪಗಳನ್ನು ತಳ್ಳಿಹಾಕಿತು. ವೆರಾ 2023ರಲ್ಲಿ ಯೋಜನೆಯನ್ನು ತಡೆಹಿಡಿದು, 2024ರಲ್ಲಿ ಮತ್ತೆ ನಡೆಸಲು ಬಿಟ್ಟಿತು.

ಉತ್ತರ ಕೀನ್ಯಾದ ಹುಲ್ಲುಗಾವಲು ಯೋಜನೆಯ ಕತೆ ಇನ್ನೊಂದು ಬಗೆಯದು. ಸಾಂಬುರು, ಬೋರಾನ, ರೆಂಡಿಲೆ ದನಗಾಹಿಗಳ ನೆಲ ಅದು. ದನಗಳನ್ನು ಯೋಜನೆ ಹಾಕಿ ಮೇಯಿಸಿದರೆ ಮಣ್ಣಿನಲ್ಲಿ ಇಂಗಾಲ ಹೆಚ್ಚು ನಿಲ್ಲುತ್ತದೆ ಎಂಬುದು ಅದರ ವಾದ. ಅಂದರೆ ಮೊದಲು ಅವರು ಗೊತ್ತುಗುರಿ ಇಲ್ಲದೆ ಮೇಯಿಸುತ್ತಿದ್ದರು ಎಂದಾಯಿತಲ್ಲ? ಮಳೆ ನೋಡಿ, ಹುಲ್ಲು ನೋಡಿ, ಹಿರಿಯರು ಕೂತು ಮಾತಾಡಿ ಮಂದೆ ಹೊರಡಿಸುವ ಜನರ ತಿಳಿವಳಿಕೆಗೆ ಆ ಬೇಸ್‌ಲೈನ್‌ನಲ್ಲಿ ಜಾಗವೇ ಇರಲಿಲ್ಲ. 2025ರ ಜನವರಿಯಲ್ಲಿ ಇಸಿಯೊಲೊದ ನ್ಯಾಯಾಲಯ, ಅಲ್ಲಿನ ಎರಡು ಸಂರಕ್ಷಣಾ ಪ್ರದೇಶಗಳನ್ನು (ಒಂದು ಈ ಯೋಜನೆಗೆ ಸೇರಿದ್ದು) ಜನರ ಭಾಗವಹಿಸುವಿಕೆ ಇಲ್ಲದೆ ಕಾನೂನುಬಾಹಿರವಾಗಿ ಮಾಡಲಾಗಿದೆ ಎಂದು ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ ಲಕ್ಷಾಂತರ ಕ್ರೆಡಿಟ್ ಮಾರಿಹೋಗಿದ್ದವು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಬಂದ ಹಣದಲ್ಲಿ ಊರಿಗೆ ಎಷ್ಟು ಸಿಗಬೇಕು?

ಎಲ್ಲರೂ ಒಪ್ಪಿದ ಒಂದು ಅಂಕಿ ಇಲ್ಲ. ಕೀನ್ಯಾ 2023ರಲ್ಲಿ ಕಾನೂನು ತಿದ್ದಿ, ನೆಲದ ಮೇಲಿನ ಯೋಜನೆಗಳ ಗಳಿಕೆಯಲ್ಲಿ ಕನಿಷ್ಠ 40% ಸಮುದಾಯಕ್ಕೆ, ಬೇರೆ ಯೋಜನೆಗಳಲ್ಲಿ ಕನಿಷ್ಠ 25% ಎಂದು ಬರೆಯಿತು. ಪಾಲನ್ನು ಕಾನೂನಿನಲ್ಲೇ ಬರೆದದ್ದು ಒಳ್ಳೆಯ ಹೆಜ್ಜೆ.

ಆದರೆ ಶೇಕಡಾ ಅಂಕಿ ಕೇಳಿ ಸಮಾಧಾನ ಪಟ್ಟುಕೊಳ್ಳಬೇಡಿ. ಯಾವುದರ ಶೇಕಡಾ? ಒಟ್ಟು ಮಾರಾಟದ್ದೋ, ಖರ್ಚು ಕಳೆದು ಉಳಿದದ್ದೋ? ಖರ್ಚಿನ ಪಟ್ಟಿ ಬರೆಯುವವರು ಯೋಜನೆಯವರೇ ಆದರೆ ಉಳಿಯುವುದು ಸೊನ್ನೆಯೂ ಆಗಬಹುದು. ಇನ್ನೊಂದು ವಿಷಯ. ಯೋಜನೆಯವರು ದಲ್ಲಾಳಿಗೆ ಐದು ಡಾಲರಿಗೆ ಮಾರಿದ ಕ್ರೆಡಿಟ್ ಕೊನೆಗೆ ಹದಿನೈದಕ್ಕೆ ಹೋದರೂ ಊರಿನ ಪಾಲು ಲೆಕ್ಕವಾಗುವುದು ಐದರ ಮೇಲೆಯೇ. ನಡುವಿನ ದಲ್ಲಾಳಿಗಳು ತಮ್ಮ ಲಾಭ ಎಷ್ಟೆಂದು ಹೊರಗೆ ಹೇಳುವುದೇ ಅಪರೂಪ.

ಬೆಲೆಯೂ ತೀರಾ ಕಡಿಮೆ. 2023ರಲ್ಲಿ ಈ ಮಾರುಕಟ್ಟೆಯಲ್ಲಿ ಒಂದು ಟನ್ನಿನ ಸರಾಸರಿ ಬೆಲೆ ಸುಮಾರು ಆರೂವರೆ ಡಾಲರ್. ಅದೇ ವರ್ಷ ಅಮೆರಿಕದ ಪರಿಸರ ಸಂಸ್ಥೆ, ಒಂದು ಟನ್ ಹೊಗೆಯಿಂದ ಜಗತ್ತಿಗೆ ಆಗುವ ನಷ್ಟ ಸುಮಾರು 190 ಡಾಲರ್ ಎಂದು ಅಂದಾಜು ಮಾಡಿತ್ತು. ಎರಡು ಅಂಕಿಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಅಷ್ಟು ಅಗ್ಗಕ್ಕೆ ಮಾರಿದ ಕ್ರೆಡಿಟ್‌ನಲ್ಲಿ ಯಾರ ಬೆವರಿಗೂ ಸರಿಯಾದ ಬೆಲೆ ಸಿಗುವುದಿಲ್ಲ. ಫೇರ್‌ಟ್ರೇಡ್ 2015ರಲ್ಲಿ ಕಾರ್ಬನ್ ಕ್ರೆಡಿಟ್‌ಗೂ ಕನಿಷ್ಠ ಬೆಲೆ ಇಡುವ ನಿಯಮ ತಂದಿತು. ಒಳ್ಳೆಯ ದಾರಿ ಅದು. ಆದರೆ ಆ ದಾರಿ ಹಿಡಿದವರು ಕಡಿಮೆ.

ಒಲೆ ಹಂಚುವ ಯೋಜನೆಗಳಲ್ಲಾದರೂ ಎಲ್ಲರಿಗೂ ಲಾಭ ಇದೆ ಅಲ್ವಾ?

ಒಳ್ಳೆಯ ಒಲೆ ಬಂದರೆ ಹೊಗೆ ಕಡಿಮೆ, ಸೌದೆ ಹೊರುವ ಶ್ರಮ ಕಡಿಮೆ, ಹೆಂಗಸರ ಮತ್ತು ಮಕ್ಕಳ ಎದೆಗೆ ನೆಮ್ಮದಿ. ಅದರಲ್ಲಿ ಎರಡು ಮಾತಿಲ್ಲ. ತಕರಾರು ಇರುವುದು ಲೆಕ್ಕದಲ್ಲಿ. ಹೊಸ ಒಲೆ ಕೊಟ್ಟ ಕೂಡಲೇ ಹಳೆಯದು ಆರಿತು ಎಂದು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಎರಡೂ ಉರಿಯುತ್ತಿರುತ್ತವೆ. 2024ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ನೋಡಿದ ಒಲೆ ಯೋಜನೆಗಳು ನಿಜವಾದ ಉಳಿತಾಯಕ್ಕಿಂತ 9 ಪಟ್ಟಿಗೂ ಹೆಚ್ಚು ಕ್ರೆಡಿಟ್ ಪಡೆದಿದ್ದವು.

ಇನ್ನೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಉಳಿತಾಯ ಮಾಡಿದವಳು ಅಡುಗೆ ಮಾಡುವ ಹೆಂಗಸು. ಕ್ರೆಡಿಟ್ ಯಾರ ಹೆಸರಿನಲ್ಲಿದೆ? ಒಲೆ ತೆಗೆದುಕೊಳ್ಳುವಾಗ ಹಾಕಿದ ಹೆಬ್ಬೆಟ್ಟಿನಲ್ಲಿ ಅದನ್ನೂ ಬರೆದುಕೊಟ್ಟಿರುತ್ತಾಳೆ. ಎಷ್ಟೋ ಸಲ ಆಕೆಗೆ ಅದು ಗೊತ್ತೇ ಇರುವುದಿಲ್ಲ.

ಕಾಡು ಸುಟ್ಟುಹೋದರೆ, ಕಡಿದುಹೋದರೆ ಏನು ಮಾಡುತ್ತಾರೆ?

ಪ್ರತಿ ಕಾಡು ಯೋಜನೆಯೂ ಕೆಲವು ಕ್ರೆಡಿಟ್‌ಗಳನ್ನು ಮಾರದೆ ಒಂದು ಸಾಮಾನ್ಯ ನಿಧಿಗೆ ಹಾಕಬೇಕು. ನಷ್ಟವಾದಾಗ ಅದರಿಂದ ತುಂಬಿಸುತ್ತಾರೆ. ಲೆಕ್ಕ ಚೆನ್ನಾಗಿದೆ, ಆದರೆ ನಿಧಿ ಸಾಕಾಗುವುದು ಅನುಮಾನ. ಕ್ಯಾಲಿಫೋರ್ನಿಯಾದ ಸರ್ಕಾರಿ ಕಾರ್ಬನ್ ವ್ಯವಸ್ಥೆಯಲ್ಲಿ ನೂರು ವರ್ಷದ ಬೆಂಕಿಗೆಂದು ಇಟ್ಟಿದ್ದ ಪಾಲಿನಲ್ಲಿ 95% ಹತ್ತು ವರ್ಷದೊಳಗೇ ಕರಗಿತು ಎಂದು 2022ರ ಒಂದು ಅಧ್ಯಯನ ಹೇಳಿತು.

ಕಾಲದ ವಿಷಯವೂ ಇದೆ. 2025ರ ಆಗಸ್ಟ್‌ನಲ್ಲಿ ಫ್ರಾಂಕ್‌ಫರ್ಟ್‌ನ ನ್ಯಾಯಾಲಯ, ಆಪಲ್ ತನ್ನ ವಾಚನ್ನು ಕಾರ್ಬನ್ ತಟಸ್ಥ (ಬಿಟ್ಟ ಹೊಗೆಗೆಲ್ಲ ಆಫ್‌ಸೆಟ್ ಸಮ) ಎಂದು ಜಾಹೀರಾತು ಮಾಡಬಾರದು ಎಂದಿತು. ಆಪಲ್ ನೆಚ್ಚಿಕೊಂಡಿದ್ದ, ಪರಾಗ್ವೆಯಲ್ಲಿ ನೀಲಗಿರಿ ನೆಟ್ಟ ಯೋಜನೆಯ ಮುಕ್ಕಾಲು ಭಾಗ ನೆಲದ ಗುತ್ತಿಗೆ 2029ಕ್ಕೇ ಮುಗಿಯುತ್ತಿತ್ತು. ಬಿಟ್ಟ ಹೊಗೆ ನೂರಾರು ವರ್ಷ ಗಾಳಿಯಲ್ಲಿ ಇರುತ್ತದೆ. ನೆಲದ ಗುತ್ತಿಗೆ ಕೆಲವೇ ವರ್ಷಕ್ಕೆ ತೀರಿದರೆ ಎರಡನ್ನೂ ಸಮ ಎನ್ನುವುದು ಹೇಗೆ?

ಊರಿನವರ ಕೈ ಮೀರಿದ್ದು ಆದಾಗ ಏನಾಗುತ್ತದೆ ಎಂಬುದಕ್ಕೆ ಬ್ರೆಜಿಲ್‌ನ ಪೈತರ್ ಸುರುಯಿ ಜನರ ಯೋಜನೆ ನೆನಪಾಗುತ್ತದೆ. ಮೂಲನಿವಾಸಿಗಳೇ ಮುಂದೆ ನಿಂತು ಮಾಡಿದ ಮೊದಲ ಕಾಡು-ಕಾರ್ಬನ್ ಯೋಜನೆಗಳಲ್ಲಿ ಅದೂ ಒಂದು. 2013ರಲ್ಲಿ ಕ್ರೆಡಿಟ್ ಮಾರಿದರು. ಆಮೇಲೆ ಹೊರಗಿನಿಂದ ಗಣಿಗಾರರು, ಮರಗಳ್ಳರು ನುಗ್ಗಿದರು. 2018ರಲ್ಲಿ ಯೋಜನೆ ನಿಂತಿತು. ಕಾಡು ಕಾಯುವ ಜವಾಬ್ದಾರಿ ಅವರ ಮೇಲಿತ್ತು. ಗಣಿಗಾರರನ್ನು ತಡೆಯುವ ಪೊಲೀಸ್ ಬಲ ಅವರ ಕೈಯಲ್ಲಿ ಇರಲಿಲ್ಲ.

ಇದನ್ನೆಲ್ಲ ಪರಿಶೀಲಿಸುವವರು ಇಲ್ವಾ?

ಇದ್ದಾರೆ. ಸ್ವತಂತ್ರ ಪರಿಶೀಲಕರು ಬಂದು ನೋಡಬೇಕು ಎಂಬ ನಿಯಮ ಇದೆ. ಆದರೆ ಅವರನ್ನು ಆರಿಸುವುದು, ಫೀಸು ಕೊಡುವುದು ಯೋಜನೆಯವರೇ. ರಿಜಿಸ್ಟ್ರಿಗೂ, ಅಂದರೆ ಕ್ರೆಡಿಟ್‌ಗಳ ದಾಖಲೆ ಇಡುವ ವೆರಾದಂಥ ಸಂಸ್ಥೆಗೂ, ಪ್ರತಿ ಕ್ರೆಡಿಟ್‌ಗೆ ಇಷ್ಟು ಎಂದು ಶುಲ್ಕ ಬರುತ್ತದೆ. ಕ್ರೆಡಿಟ್ ಕಡಿಮೆಯಾದರೆ ಲಾಭವಾಗುವವರು ಈ ಸಾಲಿನಲ್ಲಿ ಯಾರೂ ಇಲ್ಲ.

ಚೆನ್ನಾಗಿ ನಡೆದ ಯೋಜನೆ ಒಂದೂ ಇಲ್ವಾ?

ಇವೆ, ಖಂಡಿತ ಇವೆ. ಅವುಗಳ ಬಗ್ಗೆ ಹೇಳುವುದು ನನಗೆ ಇಷ್ಟ.

ಕೀನ್ಯಾದ ಕರಾವಳಿಯಲ್ಲಿ ಗಾಜಿ ಎಂಬ ಊರಿದೆ. ಅಲ್ಲಿ ಮಿಕೊಕೊ ಪಮೋಜಾ ಎಂಬ ಯೋಜನೆ ಇದೆ. ಸ್ವಾಹಿಲಿಯಲ್ಲಿ ಆ ಹೆಸರಿನ ಅರ್ಥ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಒಟ್ಟಿಗೆ ಎಂದು. ಉಪ್ಪುನೀರಿನ 117 ಹೆಕ್ಟೇರ್ ಕಾಂಡ್ಲಾ ಕಾಡನ್ನು ಊರಿನವರೇ ನೋಡಿಕೊಳ್ಳುತ್ತಾರೆ. ಪ್ಲಾನ್ ವಿವೊ ನಿಯಮದಡಿ ವರ್ಷಕ್ಕೆ ಸುಮಾರು 3,000 ಟನ್ನಿನ ಕ್ರೆಡಿಟ್. ಸಣ್ಣ ಅಂಕಿ. ಆ ಹಣವನ್ನು ಯಾವುದಕ್ಕೆ ಬಳಸಬೇಕೆಂದು ಊರೇ ಕೂತು ತೀರ್ಮಾನಿಸುತ್ತದೆ. ಕುಡಿಯುವ ನೀರಿಗೆ, ಶಾಲೆಗೆ ಹೋಗಿದೆ.

ಇನ್ನೊಂದು ಆಸ್ಟ್ರೇಲಿಯಾದ ಉತ್ತರದ ಆರ್ನೆಮ್ ಲ್ಯಾಂಡ್. ಅಲ್ಲಿನ ಮೂಲನಿವಾಸಿಗಳು ಮಳೆಯಿಲ್ಲದ ಒಣಕಾಲದ ಆರಂಭದಲ್ಲಿ, ಹುಲ್ಲು ಇನ್ನೂ ಅರೆಹಸಿ ಇರುವಾಗಲೇ, ಅಲ್ಲಲ್ಲಿ ಸಣ್ಣ ಬೆಂಕಿ ಹಾಕುತ್ತಾರೆ. ಆಗ ಒಣಕಾಲದ ಕೊನೆಯಲ್ಲಿ ದೊಡ್ಡ ಕಾಡ್ಗಿಚ್ಚು ಹಬ್ಬುವುದಿಲ್ಲ. ಹೊಗೆಯೂ ಕಡಿಮೆ. ಅಜ್ಜಂದಿರ ಕಾಲದ ವಿದ್ಯೆ ಅದು. 2006ರಲ್ಲಿ ಒಂದು ಅನಿಲ ಕಂಪನಿಯ ಜೊತೆ ಒಪ್ಪಂದವಾಗಿ, ಸುಮಾರು 28,000 ಚದರ ಕಿಲೋಮೀಟರ್‌ನಲ್ಲಿ ಈ ಕೆಲಸಕ್ಕೆ ಸಂಬಳ ಬಂತು. ಬಿಟ್ಟುಹೋಗಿದ್ದ ನೆಲಕ್ಕೆ ಜನ ವಾಪಸಾದರು. ಹಿರಿಯರು ಎಳೆಯರಿಗೆ ಬೆಂಕಿ ಹಾಕುವುದನ್ನು ಕಲಿಸಿದರು.

ಎರಡರಲ್ಲೂ ಒಂದು ಸಾಮ್ಯ ಇದೆ. ಊರಿನ ತಿಳಿವಳಿಕೆಯೇ ಅಲ್ಲಿ ಕೆಲಸದ ಬುಡ. ನೆಲದ ಮೇಲೆ ಏನು ಮಾಡಬೇಕೆಂದು ಹೇಳುವವರು ಆ ನೆಲದವರೇ.

ನಿಯಮಗಳು ಬಿಗಿಯಾಗುತ್ತಿವೆಯಾ?

ನಿಧಾನವಾಗಿ. ಒಳ್ಳೆಯ ಕ್ರೆಡಿಟ್ ಯಾವುದು ಎಂದು ಗುರುತಿಸಲು ಒಂದು ಸ್ವತಂತ್ರ ಮಂಡಳಿ 2023ರಲ್ಲಿ ಮೂಲ ತತ್ವಗಳನ್ನು ಹೊರತಂದಿತು. ಬಾಕುವಿನಲ್ಲಿ ನಡೆದ 2024ರ ಹವಾಮಾನ ಸಮ್ಮೇಳನದಲ್ಲಿ, ಪ್ಯಾರಿಸ್ ಒಪ್ಪಂದದ ಅಡಿ ವಿಶ್ವಸಂಸ್ಥೆ ನೋಡಿಕೊಳ್ಳುವ ಕ್ರೆಡಿಟ್ ವ್ಯವಸ್ಥೆಗೆ ಬಾಕಿ ಇದ್ದ ನಿಯಮಗಳು ಒಪ್ಪಿಗೆ ಪಡೆದವು. ಅಲ್ಲಿ ಸಾಮಾನ್ಯವಾಗಿ ಯೋಜನೆಯ ಕ್ರೆಡಿಟ್‌ನಲ್ಲಿ 5% ಬಡ ದೇಶಗಳ ಹವಾಮಾನ ಹೊಂದಾಣಿಕೆ ನಿಧಿಗೆ ಹೋಗಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2026ರ ಸೆಪ್ಟೆಂಬರ್ 27ರಿಂದ, ಆಫ್‌ಸೆಟ್ ಕೊಂಡಿದ್ದೇವೆ ಎಂಬ ಕಾರಣಕ್ಕೆ ಒಂದು ವಸ್ತುವನ್ನು ಕಾರ್ಬನ್ ತಟಸ್ಥ ಎಂದು ಮಾರುವಂತಿಲ್ಲ.

ವಿಮಾನದ ಟಿಕೆಟ್ ತೆಗೆಯುವಾಗ ಆಫ್‌ಸೆಟ್‌ಗೆ ಟಿಕ್ ಹಾಕಲೇ?

ಹಾಕಿದರೆ ಆ ಹಣವನ್ನು ದೇಣಿಗೆ ಎಂದುಕೊಳ್ಳಿ. ನಿಮ್ಮ ಪ್ರಯಾಣದ ಹೊಗೆ ಅಳಿಸಿಹೋಯಿತು ಎಂದುಕೊಳ್ಳಬೇಡಿ. ಯೋಜನೆಯ ಹೆಸರು, ಊರು ಹೇಳದ ಕಡೆ ಟಿಕ್ ಹಾಕಬೇಡಿ.

ಯೋಜನೆಯವರು ನಮ್ಮ ನೆಲಕ್ಕೆ ಬಂದರೆ ಮೊದಲು ಏನು ಕೇಳಬೇಕು?

ಒಪ್ಪಂದದ ಕರಡನ್ನು ನಮ್ಮ ಭಾಷೆಯಲ್ಲಿ ಕೊಡಿ ಎಂದು ಕೇಳಿ. ಓದಿ, ಮಾತಾಡಿ, ಬೇರೆಯವರ ಸಲಹೆ ಪಡೆಯಲು ತಿಂಗಳುಗಟ್ಟಲೆ ಸಮಯ ಕೇಳಿ. ನಾಳೆಯೇ ಸಹಿ ಬೇಕು ಅಂದರೆ ಅಲ್ಲೇ ನಿಲ್ಲಿಸಿ. ಕಾರ್ಬನ್ ಯಾರ ಹೆಸರಿನಲ್ಲಿ ಇರುತ್ತದೆ, ನಮ್ಮ ನೆಲದ ಹಕ್ಕಿಗೆ ಏನಾಗುತ್ತದೆ ಎಂದು ಕೇಳಿ. ಬೇಸ್‌ಲೈನ್‌ನಲ್ಲಿ ನಮ್ಮ ಬಗ್ಗೆ ಏನು ಬರೆದಿದ್ದೀರಿ ಎಂದು ಓದಿಸಿಕೊಳ್ಳಿ. ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಲೇಬೇಕಾದದ್ದು ಇದು. ಕ್ರೆಡಿಟ್ ಮಾರಿದ ಬೆಲೆಯ ರಸೀದಿ ನಮಗೂ ತೋರಿಸುತ್ತೀರಾ? ಬೆಂಕಿ ಬಿದ್ದರೆ ನಮ್ಮಿಂದ ಹಣ ವಾಪಸ್ ಕೇಳುತ್ತೀರಾ? ನಡುವೆ ಬಿಟ್ಟು ಹೊರಡಬೇಕೆಂದರೆ ದಾರಿ ಏನು?

ಈ ಮಾತುಕತೆಯಲ್ಲಿ ಹೆಂಗಸರೂ ಇರಲಿ. ಸೌದೆ, ನೀರು, ಮೇವಿನ ನಿರ್ಬಂಧದ ಭಾರ ಮೊದಲು ಬೀಳುವುದು ಅವರ ಮೇಲೆಯೇ. ಆದರೂ ಸಹಿ ಹಾಕುವ ಸಭೆಗೆ ಎಷ್ಟೋ ಸಲ ಅವರನ್ನು ಕರೆಯುವುದಿಲ್ಲ.

ಈಗಾಗಲೇ ಸಹಿ ಹಾಕಿಬಿಟ್ಟಿದ್ದರೆ?

ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಒಪ್ಪಂದದ ಪ್ರತಿ ನಿಮ್ಮ ಹತ್ತಿರ ಇಲ್ಲದಿದ್ದರೆ ಮೊದಲು ಅದನ್ನು ತರಿಸಿಕೊಳ್ಳಿ. ಯೋಜನೆ ಯಾವ ರಿಜಿಸ್ಟ್ರಿಯಲ್ಲಿದೆ ಎಂದು ನೋಡಿ. ಅವುಗಳ ದಾಖಲೆ ಎಲ್ಲರಿಗೂ ತೆರೆದಿರುತ್ತದೆ. ನಿಮ್ಮ ಊರಿನ ಬಗ್ಗೆ ಏನು ಬರೆದಿದ್ದಾರೆ ಎಂದು ಅಲ್ಲೇ ಸಿಗುತ್ತದೆ. ವೆರಾದಲ್ಲಿ ನೋಂದಣಿಗೆ ಮೊದಲು 30 ದಿನ ಸಾರ್ವಜನಿಕ ಅಭಿಪ್ರಾಯಕ್ಕೆ ಅವಕಾಶ ಇದೆ. ಆ ಕಾಲ ಕಳೆದಿದ್ದರೂ ದೂರು ಕೊಡುವ ದಾರಿ ಇದೆ. ಕೊಂಡ ಕಂಪನಿಯ ಹೆಸರು ಗೊತ್ತಾದರೆ ಅವರಿಗೂ ನೇರವಾಗಿ ಬರೆಯಿರಿ, ಅವರು ಹೆಸರು ಕೆಡುವುದಕ್ಕೆ ಹೆದರುತ್ತಾರೆ. ಸಭೆ ಯಾವತ್ತು ನಡೆಯಿತು, ಯಾರು ಬಂದಿದ್ದರು, ಏನು ಹೇಳಿದರು ಎಂದು ದಿನಾಂಕ ಹಾಕಿ ಬರೆದಿಡಿ. ಇಸಿಯೊಲೊದಲ್ಲಿ ನ್ಯಾಯಾಲಯಕ್ಕೆ ಹೋಗಿದ್ದು ಆ ಪ್ರದೇಶದ ಜನರೇ.